ತೋಟಪ್ಪನ ಜೋರು ಮೋಟರು, ಗುರುಶಾಂತಮ್ಮನ ಸೈಕಲ್ಲು

ಸಕಲೇಶಪುರ ಕಡೆಯ ಹಾನುಬಾಳಿನಿಂದ ಮೇಲಕ್ಕೆ ಹೋಗುವವರಿಗೆ ಏರು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲಿನ ಕ್ಯಾನು ಹಿಡಿದವರಿಗೂ ಏರೇ, ರೇಷನ್ ಅಕ್ಕಿ ಹೊತ್ತವರಿಗೂ ಏರೇ, ಬಸ್ಸಿಳಿದು ಬರಿಗೈಲಿ ಮನೆಗೆ ಹೋಗುವವರಿಗೂ ಏರೇ. ಅಲ್ಲಿಂದ ಮೇಲಿನ ಹೆಗ್ಗುಡ್ಡದ ಊರಲ್ಲಂತೂ ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಬೇಕಾದರೂ ಒಂದು ಏರು ಹತ್ತಬೇಕು.

ಈ ಏರನ್ನು ಇಪ್ಪತ್ತಾರು ವರ್ಷ ಜೀಪಿನಲ್ಲಿ ಹತ್ತಿಸಿದವನು ತೋಟಪ್ಪ. ಅವನ ಜೀಪಿನಲ್ಲಿ ಆಸ್ಪತ್ರೆಗೆ ಹೋಗಿ ಮಗು ಎತ್ತಿಕೊಂಡು ಬಂದ ತಾಯಂದಿರು ಊರಲ್ಲಿ ಎಷ್ಟು ಜನವೋ. ಅದು ಅವನಿಗೆ ದೊಡ್ಡ ಹೆಮ್ಮೆ. ಹಾನುಬಾಳಿನ ಹೋಟೆಲಲ್ಲಿ ಟೀ ಗ್ಲಾಸು ಹಿಡಿದು ಕೂತರೆ ಅವನ ಮಾತು ಒಂದೇ:

"ಗುಡ್ಡಕ್ಕೆ ಪವರ್ ಬೇಕು ಕಣೋ ಮಾರಾಯ. ಪವರ್ ಇಲ್ದೋನು ಕೆಳಗೇ ಕೂತಿರ್ಬೇಕು."

ಎರಡು ವರ್ಷದ ಹಿಂದಿನ ಮಾತು. ಗುಡ್ಡದ ನೆತ್ತಿಯ ಹುಲ್ಲುಗಾವಲಿಗೆ ಪ್ರವಾಸಿಗರ ಜೀಪುಗಳು ಸಾಲುಗಟ್ಟಿ ಬರತೊಡಗಿದವು. ಹುಲ್ಲು ಕಿತ್ತು, ಮಣ್ಣು ಎದ್ದು, ಮಳೆಗಾಲದಲ್ಲಿ ಆಳಾಳ ಕೊರಕಲು ಬಿದ್ದವು. ದನ ಮೇಯಿಸುವವರು ಗಲಾಟೆ ಮಾಡಿದರು. ಊರವರೇ ಸೇರಿ, ಇನ್ನು ನೆತ್ತಿಗೆ ಜೀಪು ಬೇಡ ಅಂತ ತೀರ್ಮಾನ ಮಾಡಿದರು. ತೋಟಪ್ಪ ತಲೆಯಾಡಿಸಿದ. ಆದರೆ ಮನಸ್ಸಿನೊಳಗೆ ಒಂದು ಮುಳ್ಳು ಉಳಿದೇಬಿಟ್ಟಿತು. ಯಾಕೆಂದರೆ ಅವನ ಜೀಪು ನಿಂತ ಜಾಗದಿಂದ ಮುಂದಕ್ಕೆ ಹೋಗಿದ್ದು ಅವನ ಹೆಂಡತಿಯ ಸೈಕಲ್ಲು!

ಹೆಂಡತಿ ಗುರುಶಾಂತಮ್ಮನಿಗೆ ಆಗ ನಲವತ್ತಾರು. ಊರಿನ ಸ್ವಸಹಾಯ ಸಂಘದ ಅಧ್ಯಕ್ಷೆ. ಅಲ್ಲಿಯವರೆಗೆ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತವಳೇ ಹೊರತು ಹ್ಯಾಂಡಲ್ ಹಿಡಿದವಳಲ್ಲ. ಸಂಘಕ್ಕೆ ಆರು ಎಲೆಕ್ಟ್ರಿಕ್ ಸೈಕಲ್ಲು ಬಂದವು. ದಪ್ಪ ಟೈರು, ಮುಂದೆ ಸ್ಪ್ರಿಂಗು, ಪೆಡಲಿನ ಹತ್ತಿರ ಒಂದು ಪುಟ್ಟ ಮೋಟರು. ಪೇಟೆಯವರು ಮೌಂಟೇನ್ ಬೈಕ್ ಅಂತಾರಲ್ಲ, ಅವು. ಆಲೂರು ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪ್ ಇಟ್ಟಿರುವ ಬಿಂದುಶ್ರೀ ಅನ್ನೋ ಹೆಣ್ಣುಮಗಳು ಬಂದು, ಶಾಲೆ ಮೈದಾನದಲ್ಲಿ ಸಂಘದವರಿಗೆಲ್ಲ ಸವಾರಿ ಕಲಿಸಿದಳು. ಗುರುಶಾಂತಮ್ಮ ಜೀವನದಲ್ಲಿ ಮೊದಲ ಸಲ ಚೂಡಿದಾರ ಹಾಕಿದಳು. ಏಳು ಸಲ ಬಿದ್ದಳು. ಎಂಟನೇ ಸಲ ಮೈದಾನ ಪೂರ್ತಿ ಸುತ್ತು ಹೊಡೆದು ಬಂದು, "ಇನ್ನೊಂದು ಸುತ್ತು ಹೋಗ್ಲೇನೇ ಬಿಂದು?" ಅಂದಳು.

ಈಗ ಊರಿನ ಹೋಂಸ್ಟೇಗಳಿಗೆ ಬಂದ ಪ್ರವಾಸಿಗರನ್ನು ಗುಡ್ಡ ಹತ್ತಿಸುವವರು ಈ ಹೆಂಗಸರೇ. ದಾರಿ ಹೋಗುವುದು ಯೋಗಾನಂದ ಗೌಡರ ಕಾಫಿ ಎಸ್ಟೇಟಿನ ನಡುವೆ. ಹಳೇ ಬಂಡಿದಾರಿ. ಗೌಡರು ಒಪ್ಪಿಗೆ ಕೊಡುವಾಗ ಎರಡೇ ಮಾತು ಹೇಳಿದ್ದರು.

"ಬೈಕಿಗೆ ನಾನು ಗೇಟು ತೆಗೆಯಲ್ಲಮ್ಮ. ಸೈಕಲ್ಲಿಗೆ ತೆಗೀತೀನಿ. ನನ್ನ ಆಳುಗಳಿಗೆ ತೊಂದ್ರೆ ಆಗ್ಬಾರ್ದು, ನನ್ನ ದಾರಿ ಕೀಳ್ಬಾರ್ದು."

ಎರಡು ವರ್ಷ ಒಂದು ದೂರೂ ಬರಲಿಲ್ಲ.

ಹೀಗಿರುವಾಗ, ಕಾಫಿ ಹಣ್ಣು ಕುಯ್ಯುವ ಕಾಲ. ತಿಂಗಳ ಮೊದಲ ಭಾನುವಾರ ಬಿಂದುಶ್ರೀ ಎಂದಿನಂತೆ ಸ್ಪ್ಯಾನರ್ ಚೀಲ ಹಿಡಿದು ಬಸ್ಸಿಳಿದು ಬಂದಳು. ಆರೂ ಸೈಕಲ್ಲುಗಳ ಚೈನು ಒರೆಸಿ, ಬ್ರೇಕು ನೋಡುತ್ತಿದ್ದಳು. ಜಗಲಿ ಮೇಲೆ ಸಂಘದವರು ಕೂತಿದ್ದರು. ತೋಟಪ್ಪ ಅಲ್ಲಿಗೆ ಬಂದು ಗಂಟಲು ಸರಿ ಮಾಡಿಕೊಂಡ.

"ಬಿಂದಮ್ಮ, ಈ ಮೋಟರ್ ಎಷ್ಟು ವಾಟ್ ಐತೆ?"

"ಇನ್ನೂರೈವತ್ತು, ತೋಟಪ್ಪಣ್ಣ."

"ಇನ್ನೂರೈವತ್ತು! ನಮ್ಮನೆ ಮಿಕ್ಸಿ ಇದಕ್ಕಿಂತ ಜಾಸ್ತಿ ತಿರುಗ್ತದೆ ಕಣಮ್ಮ. ಹೋಂಸ್ಟೇಗೆ ಬರೋ ಹುಡುಗರೆಲ್ಲ ಕೇಳ್ತಾವ್ರೆ, ಪೆಡಲ್ ತುಳೀದೆ ಹತ್ತೋ ಸೈಕಲ್ ಇಲ್ವಾ ಅಂತ. ಮೊಬೈಲಲ್ಲಿ ನೋಡ್ದೆ. ಸಾವಿರದೈನೂರು ವಾಟಿನ ಮೋಟರ್ ಮನೆ ಬಾಗಿಲಿಗೇ ಬತ್ತದೆ. ಹಿಂದಿನ ಚಕ್ರಕ್ಕೆ ಹಾಕಿ ಕೈಲಿ ಆಕ್ಸಿಲರೇಟರ್ ತಿರುವಿದ್ರೆ ಆಯ್ತು, ಗುಡ್ಡದ ಮೇಲೆ!"

ಬಿಂದುಶ್ರೀ ಕೈಯ ಗ್ರೀಸು ಒರೆಸಿಕೊಂಡಳು. "ಅಣ್ಣ, ಪೆಡಲ್ ತುಳೀದೆ, ಕೈಲಿ ತಿರುವಿ, ಜೋರಾಗಿ ಹೋಗೋದಕ್ಕೆ ಏನಂತಾರೆ ಹೇಳಿ?"

"ಏನಂತಾರೆ?"

"ಬೈಕು ಅಂತಾರೆ."

ಹೆಂಗಸರೆಲ್ಲ ನಕ್ಕರು. ತೋಟಪ್ಪನಿಗೆ ನಗು ಬರಲಿಲ್ಲ.

"ನೋಡಿ, ನಿಯಮ ಹೇಳೋದೂ ಅದನ್ನೇ," ಅಂದಳು ಬಿಂದುಶ್ರೀ. "ಮೋಟರ್ ಇನ್ನೂರೈವತ್ತು ವಾಟ್ ದಾಟಬಾರದು, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಬಾರದು. ಆ ಮಿತಿಯಲ್ಲಿ ತಯಾರಾಗಿ, ಪರೀಕ್ಷೆ ಪಾಸಾಗಿ ಬಂದಿದ್ರೆ ಅದು ಸೈಕಲ್ಲು. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಅದು ದಾಟ್ತು ಅಂದ್ರೆ ಮೋಟರು ಗಾಡಿ. ನಂಬರ್ ಬೇಕು, ಲೈಸೆನ್ಸ್ ಬೇಕು, ಇನ್ಷೂರೆನ್ಸ್ ಬೇಕು. ಮನೇಲಿ ಕೂತು ಮೋಟರ್ ಕಟ್ಟಿದ ಗಾಡಿಗೆ ಇವೆಲ್ಲ ಯಾರು ಕೊಡ್ತಾರೆ?"

"ಗುಡ್ಡದಲ್ಲಿ ಪೊಲೀಸು ಎಲ್ಲವ್ನೆ ಬುಡಮ್ಮ!"

ಜಗಲಿ ಮೇಲೆ ಕೂತಿದ್ದ ಗುರುಶಾಂತಮ್ಮ ಎದ್ದು ಬಂದಳು. "ಪೊಲೀಸು ಇಲ್ದೆ ಇರ್ಬೌದು ಕಣ್ರೀ. ಹಣ್ಣಿನ ಮೂಟೆ ಹೊತ್ತ ಆಳುಗಳು ಇರ್ತಾರಲ್ಲ? ಗೌಡ್ರು ಗೇಟು ತೆಗ್ದಿರೋದು ಸೈಕಲ್ಲಿಗೆ. ನಮಗೆ ಇದೇ ಸಾಕು."

"ಮಂಡಿನೋವಿರೋರು? ವಯಸ್ಸಾದೋರು? ಅವರು ಗುಡ್ಡ ನೋಡ್ಬಾರ್ದಾ?" ತೋಟಪ್ಪ ಬಿಡಲಿಲ್ಲ.

ಅದು ಒಳ್ಳೆ ಪ್ರಶ್ನೆಯೇ. ಬಿಂದುಶ್ರೀ ಒಪ್ಪಿಕೊಂಡಳು. "ಖಂಡಿತ ನೋಡ್ಬೇಕು. ಅದಕ್ಕೇ ಅಣ್ಣ ಗೇರು ಇರೋದು. ಮಾರನಹಳ್ಳಿ ಕಡೆಯಿಂದ ಲೋಡು ಹಾಕ್ಕೊಂಡು ಬರೋವಾಗ ಜೀಪನ್ನ ಟಾಪ್ ಗೇರಲ್ಲಿ ಹತ್ತಿಸ್ತೀರಾ?"

"ಎಲ್ಲಾದ್ರೂ ಉಂಟಾ? ಲೋ ಗೇರು ಹಾಕಿ ಮೆಲ್ಲಗೆ ಬಿಡ್ಬೇಕು. ಇಲ್ದಿದ್ರೆ ಚಕ್ರ ಅಲ್ಲೇ ತಿರುಗಿ ಗುಂಡಿ ತೋಡ್ತದೆ."

"ಸೈಕಲ್ಲಿಗೂ ಅದೇ ಮಾತು."

ಮಾತಿನಲ್ಲಿ ಸೋತ ಗಂಡಸು ಹಟ ಹಿಡಿಯುತ್ತಾನೆ. ಇವರಿಗೆ ಮಾಡಿಯೇ ತೋರಿಸಬೇಕು ಅಂತ ತೋಟಪ್ಪ ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಸಕಲೇಶಪುರದಲ್ಲಿ ಒಂದು ಹಳೇ ಗೇರು ಸೈಕಲ್ಲು ಹಿಡಿದ. ಮೋಟರು ತರಿಸಿದ. ಇಟ್ಟಿಗೆಯಷ್ಟು ದಪ್ಪದ ಎರಡು ಬ್ಯಾಟರಿ ಕಟ್ಟಿಸಿದ. ಫಿಟ್ಟಿಂಗ್ ಮಾಡಿದ ಅರುಣ್ ಅನ್ನೋ ಎಲೆಕ್ಟ್ರಿಷಿಯನ್ ಕೂಡ, "ಬ್ರೇಕು ಹಳೇದೇ ಐತೆ, ನೋಡ್ಕೊಂಡು ಓಡ್ಸಿ ಅಣ್ಣ," ಅಂದಿದ್ದ. ತೋಟಪ್ಪನ ಕಿವಿಗೆ ಅದು ಬೀಳಲಿಲ್ಲ.

ಎರಡು ವಾರ ಕಳೆದು ಒಂದು ಶುಕ್ರವಾರ ಬೆಳಿಗ್ಗೆ, ಸಂಘದವರು ಸೈಕಲ್ಲು ತೆಗೆಯುವ ಮೊದಲೇ, ಅವನು ಎಸ್ಟೇಟಿನ ಗೇಟು ದಾಟಿದ. ಗೇಟು ಕಾಯುವವನು ಸೈಕಲ್ಲೇ ಅಂದುಕೊಂಡು ಕೈಬೀಸಿದ.

ಸುಳ್ಳು ಯಾಕೆ ಹೇಳಬೇಕು? ಹತ್ತುವಾಗ ತೋಟಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೈ ತಿರುವಿದರೆ ಗುಡ್ಡವೇ ತನ್ನ ಕಡೆ ಓಡಿ ಬಂದ ಹಾಗೆ. ಕಾಫಿ ಗಿಡಗಳು ಎರಡೂ ಕಡೆ ಸರ್ರನೆ ಹಿಂದೆ ಸರಿದವು. ಕಡಿದಾದ ಏರಿನಲ್ಲಿ ಹಿಂದಿನ ಚಕ್ರ ಸಿಲ್ವರ್ ಓಕ್ ಮರದ ಒಣ ತರಗೆಲೆಗಳ ಮೇಲೆ ಗರಗರ ತಿರುಗಿ ಮಣ್ಣು ಎರಚಿತು. ಅವನು ಇನ್ನಷ್ಟು ತಿರುವಿದ. ಮೇಲೆ ಹೋಗಿ ನಿಂತಾಗ ಹಣೆಯಲ್ಲಿ ಒಂದು ಹನಿ ಬೆವರಿಲ್ಲ. "ಬಿಂದಮ್ಮ ಇಲ್ಲಿರ್ಬೇಕಿತ್ತು," ಅಂದುಕೊಂಡ.

ಇಳಿಯುವಾಗ ಕಥೆ ಬೇರೆ ಆಯಿತು.

ಮೋಟರಿನ ತೂಕ, ಬ್ಯಾಟರಿಯ ತೂಕ, ತೋಟಪ್ಪನ ತೂಕ. ಹಳೇ ಸೈಕಲ್ಲಿನ ಬ್ರೇಕು ಇಷ್ಟನ್ನು ತಡೆಯಲು ಮಾಡಿದ್ದಲ್ಲ. ಎರಡು ತಿರುವು ಹಿಡಿಯಿತು. ಮೂರನೇ ತಿರುವಿಗೆ ರಬ್ಬರು ಸುಟ್ಟ ವಾಸನೆ ಬಂತು. ನಾಲ್ಕನೇ ತಿರುವಿನಲ್ಲಿ, ಎಸ್ಟೇಟಿನ ಸ್ಟೋರಿನ ಮೇಲುಗಡೆ, ಆಳುಗಳು ಹಣ್ಣಿನ ಮೂಟೆ ತಲೆ ಮೇಲಿಟ್ಟು ಸಾಲಾಗಿ ಇಳಿಯುತ್ತಿದ್ದರು. ಕೊನೆಯವನು ಗಿಡ್ಡಯ್ಯ. ಐವತ್ತೆಂಟು ವರ್ಷದ ಮನುಷ್ಯ, ಮೂವತ್ತು ವರ್ಷದಿಂದ ಅದೇ ದಾರಿಯಲ್ಲಿ ನಡೆದವನು.

"ಜರುಗ್ರೋ! ಜರುಗ್ರೋ!" ತೋಟಪ್ಪ ಕೂಗಿದ.

ಮೂಟೆ ಹೊತ್ತವನು ಎಷ್ಟು ಬೇಗ ಜರುಗಿಯಾನು? ಗಿಡ್ಡಯ್ಯ ಹಾರಿ ಚರಂಡಿಗೆ ಬಿದ್ದ. ಮೂಟೆ ಹರಿದು ಕೆಂಪು ಹಣ್ಣು ದಾರಿ ತುಂಬ ಚೆಲ್ಲಿತು. ತೋಟಪ್ಪ ಸೈಕಲ್ಲನ್ನು ದಾರಿ ಪಕ್ಕದ ಮಣ್ಣಿನ ಬರೆಗೆ ಗುದ್ದಿಸಿ ಆಚೆ ಹೋಗಿ ಬಿದ್ದ. ಎದ್ದು ನೋಡಿದರೆ ತನಗೆ ಭುಜ ತರಚಿತ್ತು, ಅಷ್ಟೆ. ಗಿಡ್ಡಯ್ಯ ಮಾತ್ರ ಕಾಲಿನ ಗಿಣ್ಣು ಹಿಡಿದುಕೊಂಡು ಕೂತಿದ್ದ. ಬಯ್ಯಲಿಲ್ಲ. "ಸ್ವಾಮಿ, ಒಂದ್ ಗೇಣು ಈಚೆ ಬಂದಿದ್ರೆ ನಾನು ಹೋಗ್ಬುಡ್ತಿದ್ದೆ," ಅಂದ.

ಆ ಮಾತು ತೋಟಪ್ಪನ ಎದೆಗೆ ನಾಟಿತು. ಇಪ್ಪತ್ತಾರು ವರ್ಷ ಜೀಪು ಓಡಿಸಿ ಒಂದು ಕೋಳಿಯನ್ನೂ ತುಳಿದವನಲ್ಲ ಅವನು.

ಗಿಡ್ಡಯ್ಯನನ್ನು ತನ್ನ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಮೂರು ವಾರ ಕಾಲು ಊರಬಾರದು ಅಂದರು. ವಾಪಸು ಬರುವಷ್ಟರಲ್ಲಿ ಯೋಗಾನಂದ ಗೌಡರು ಗೇಟಿಗೆ ಬೀಗ ಹಾಕಿಸಿದ್ದರು. ಬೈಕಿಗಲ್ಲ, ಜೀಪಿಗಲ್ಲ. ಸೈಕಲ್ಲಿಗೆ. ಎಲ್ಲಾ ಸೈಕಲ್ಲಿಗೆ.

ಮನೆಯಲ್ಲಿ ಗುರುಶಾಂತಮ್ಮ ಜಗಳ ಆಡಲಿಲ್ಲ. ಗಂಡನ ಭುಜಕ್ಕೆ ಅರಿಶಿನ ಹಚ್ಚಿದಳು. ಆಮೇಲೆ ಬುತ್ತಿ ಕಟ್ಟಿಕೊಂಡು ಗಿಡ್ಡಯ್ಯ ಇದ್ದ ಲೈನು ಮನೆಗೆ, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಗೆ, ನಡೆದುಕೊಂಡೇ ಹೋದಳು. ಆರು ಸೈಕಲ್ಲುಗಳೂ ಜಗಲಿಯಲ್ಲಿ ಸಾಲಾಗಿ ನಿಂತಿದ್ದವು. ಅವುಗಳನ್ನು ನೋಡುತ್ತ ಕೂತ ತೋಟಪ್ಪನಿಗೆ, ಹೆಂಡತಿ ಎರಡು ಮಾತು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಸುದ್ದಿ ತಿಳಿದು ಬಿಂದುಶ್ರೀ ಮರುದಿನವೇ ಬಂದಳು. ಸೊಟ್ಟಗಾದ ಸೈಕಲ್ಲನ್ನು ತಿರುಗಿಸಿ ನೋಡಿದಳು. ಹಿಂದಿನ ಚಕ್ರ ಕೂರುವ ಕಬ್ಬಿಣವೇ ಬಿರುಕು ಬಿಟ್ಟಿತ್ತು.

"ನೋಡಿ ಅಣ್ಣ. ಇಷ್ಟು ಜೋರನ್ನ ತಡೆಯೋಕೆ ಈ ಫ್ರೇಮು ಮಾಡಿದ್ದಲ್ಲ. ಇನ್ನೊಂದು ಸಲ ಹತ್ತಿದ್ರೆ ಚಕ್ರವೇ ಕಳಚಿಕೊಳ್ತಿತ್ತು. ದೊಡ್ಡ ಮೋಟರೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಅದಕ್ಕೆ ತಕ್ಕ ಬ್ರೇಕು, ತಕ್ಕ ಫ್ರೇಮು, ನಂಬರ್ ಪ್ಲೇಟು ಇದ್ರೆ ರೋಡಲ್ಲಿ ಧಾರಾಳವಾಗಿ ಹೋಗಲಿ. ಕಾಲುದಾರಿ ಮಾತ್ರ ಅದರ ಜಾಗ ಅಲ್ಲ."

"ಗಿಡ್ಡಯ್ಯನಿಗೆ ಹೆಚ್ಚು ಕಮ್ಮಿ ಆಗಿದ್ರೆ?" ತೋಟಪ್ಪ ತಲೆ ತಗ್ಗಿಸಿಯೇ ಕೇಳಿದ.

"ಯಾವ ಇನ್ಷೂರೆನ್ಸೂ ಇಲ್ಲ ಅಣ್ಣ. ಗಾಡಿಗೆ ದಾಖಲೆಯೇ ಇಲ್ಲ. ಪೂರ್ತಿ ನಿಮ್ಮ ತಲೆ ಮೇಲೆ, ಸಂಘದ ತಲೆ ಮೇಲೆ."

ತೋಟಪ್ಪ ಎದ್ದು ಅಂಗಿ ಹಾಕಿಕೊಂಡ. "ಗುರುಶಾಂತಿ, ನಡಿ. ಗೌಡ್ರ ಹತ್ರ ಹೋಗಣ. ತಪ್ಪು ನಂದು, ನಾನೇ ಹೇಳ್ತೀನಿ."

ಯೋಗಾನಂದ ಗೌಡರು ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದರು. ತೋಟಪ್ಪ ಸುತ್ತಿ ಬಳಸದೆ ನಡೆದದ್ದನ್ನೆಲ್ಲ ಹೇಳಿದ. "ಸಂಘದೋರು ಬೇಡ ಅಂದಿದ್ರು ಗೌಡ್ರೆ. ಹಟ ನಂದು. ನನಗೆ ಗೇಟು ಹಾಕಿ. ಇವರಿಗೆ ಹಾಕ್ಬೇಡಿ."

"ತೋಟಪ್ಪೋರೆ, ನನ್ನ ಕಷ್ಟ ನಿಮಗೆ ತಿಳೀಲಿಲ್ಲ," ಅಂದರು ಗೌಡರು. "ದೂರದಿಂದ ನೋಡಿದ್ರೆ ನಿಮ್ಮದೂ ಸೈಕಲ್ಲೇ, ಇವರದ್ದೂ ಸೈಕಲ್ಲೇ. ಗೇಟಲ್ಲಿ ನಿಂತೋನಿಗೆ ಯಾವುದು ಚಿಕ್ಕ ಮೋಟರು, ಯಾವುದು ದೊಡ್ಡದು ಅಂತ ಹೆಂಗೆ ಗೊತ್ತಾಗ್ಬೇಕು? ಒಬ್ಬರು ಮಾಡಿದ್ರೆ ನಾಳೆ ಹತ್ತು ಜನ ಮಾಡ್ತಾರೆ. ಅದಕ್ಕೇ ಎಲ್ಲರಿಗೂ ಬೀಗ."

ಗುರುಶಾಂತಮ್ಮ ಸೆರಗು ಸರಿ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಗೌಡ್ರೆ, ನಂಬಿ ಅಂತ ನಾನು ಕೇಳಲ್ಲ. ನೋಡಿ ಅಂತೀನಿ. ಮುಂದಿನ ವಾರದ ಭಾನುವಾರ ನೀವೇ ಬನ್ನಿ. ನಮ್ಮ ಸೈಕಲ್ಲು ಎಷ್ಟು ಜೋರು ಹೋಗ್ತವೆ, ಹೆಂಗೆ ನಿಲ್ತವೆ, ದಾರೀನ ಏನು ಮಾಡ್ತವೆ, ನಿಮ್ಮ ಕಣ್ಣಾರೆ ನೋಡಿ. ಬಿಂದುಶ್ರೀ ಪರೀಕ್ಷೆ ಮಾಡಿದ ಸೈಕಲ್ಲಿಗೆ ಮಾತ್ರ ಸಂಘದ ಹಸಿರು ಪಟ್ಟಿ ಬಳಿಯಣ. ಹಸಿರು ಪಟ್ಟಿ ಇಲ್ದೋರಿಗೆ ಗೇಟು ತೆಗೀಬೇಡಿ, ಅದು ನನ್ನ ಗಂಡನೇ ಆಗಿರ್ಲಿ."

ಎಸ್ಟೇಟಿನ ಮಾಲೀಕನ ಎದುರು ಹೆಂಡತಿ ಹೀಗೆ ನಿಂತು ಮಾತಾಡಿದ್ದನ್ನು ತೋಟಪ್ಪ ಯಾವತ್ತೂ ನೋಡಿರಲಿಲ್ಲ. ಅವನ ಎದೆ ಅವನಿಗೇ ತಿಳಿಯದ ಹಾಗೆ ಉಬ್ಬಿತು.

ಆ ಭಾನುವಾರದವರೆಗೆ ಅವನು ಸುಮ್ಮನೆ ಕೂರಲಿಲ್ಲ. ಗುದ್ದಲಿ, ಮಂಕರಿ ಹಿಡಿದು ದಿನಾ ಎಸ್ಟೇಟಿಗೆ ಹೋದ. ತನ್ನ ಚಕ್ರ ಕಿತ್ತ ಗುಂಡಿಗಳಿಗೆ ಕಲ್ಲು ಕೊಟ್ಟು, ಮಣ್ಣು ತುಂಬಿ, ಗಟ್ಟಿಯಾಗಿ ತುಳಿದ. ಒಂದೇ ಸವಾರಿಯಲ್ಲಿ ಕಿತ್ತಿದ್ದನ್ನು ಮುಚ್ಚಲು ಮೂರು ದಿನ ಹಿಡಿಯಿತು. ಬೆನ್ನು ನೋಯುವಾಗ ಅವನಿಗೆ ಅನ್ನಿಸಿತು: ಜೀಪು ಬೇಡ ಅಂದ ದನಗಾಹಿಗಳ ಸಂಕಟ ಇದೇ ಇರಬೇಕು.

ಭಾನುವಾರ ಬಂತು. ಗೌಡರು, ಅವರ ಲೆಕ್ಕ ಬರೆಯುವ ರೈಟರು, ಕೆಲಸದ ಆಳುಗಳು, ಸಂಘದವರು ಎಲ್ಲ ಸ್ಟೋರಿನ ಹತ್ತಿರ ಸೇರಿದರು. ಗಿಡ್ಡಯ್ಯನನ್ನೂ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಮೊದಲು ಬಿಂದುಶ್ರೀ ಚಪ್ಪಟೆ ದಾರಿಯಲ್ಲಿ ಆರೂ ಸೈಕಲ್ಲು ಓಡಿಸಿ ತೋರಿಸಿದಳು. ಇಪ್ಪತ್ತೈದು ಮುಟ್ಟಿದ ಕೂಡಲೇ ಮೋಟರು ತಾನಾಗಿ ಸುಮ್ಮನಾಗುತ್ತಿತ್ತು. ಪೆಡಲ್ ತುಳಿಯುವುದು ಬಿಟ್ಟರೆ ಆಗಲೂ ಸುಮ್ಮನಾಗುತ್ತಿತ್ತು. ರೈಟರು ಬಗ್ಗಿ ಬಗ್ಗಿ ನೋಡಿ ತಲೆಯಾಡಿಸಿದರು.

ಆಮೇಲೆ ಗುರುಶಾಂತಮ್ಮ ಹೆಲ್ಮೆಟ್ ಹಾಕಿ ಸೈಕಲ್ಲು ಹತ್ತಿದಳು. ಎದುರಿಗೆ ಎಸ್ಟೇಟಿನಲ್ಲೇ ಅತಿ ಕಡಿದಾದ ಏರು. ಅವಳು ಗೇರು ಇಳಿಸಿದಳು. ಕಾಲು ಒಂದೇ ಸಮ ತಿರುಗಿತು. ಚಕ್ರ ಜಾರಲಿಲ್ಲ, ಮಣ್ಣು ಹಾರಲಿಲ್ಲ. ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೆ. ನಡು ಏರಿನಲ್ಲಿ ಮೂಟೆ ಹೊತ್ತ ಇಬ್ಬರು ಹೆಂಗಸರು ಎದುರಾದರು. ಗುರುಶಾಂತಮ್ಮ ಬೆಲ್ ಹೊಡೆದು, ಪಕ್ಕಕ್ಕೆ ಸರಿದು, ಕಾಲೂರಿ ನಿಂತಳು. ಅವರು ದಾಟಿದ ಮೇಲೆ ಅದೇ ಏರಿನಲ್ಲಿ, ನಿಂತ ಜಾಗದಿಂದಲೇ, ಮತ್ತೆ ಹೊರಟಳು. ಇದನ್ನು ನೋಡಿ ಜೀಪು ಡ್ರೈವರ್ ತೋಟಪ್ಪ ಬೆರಗಾದ. ಏರಿನ ನಡುವೆ ನಿಂತು ಮತ್ತೆ ಎತ್ತುವುದು ಎಂಥ ಕಷ್ಟ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಏರು ಹತ್ತಿ, ಬ್ರೇಕು ಹಿಡಿದು ಮೆಲ್ಲಗೆ ಇಳಿದು ಬಂದ ಮೇಲೆ ಗೌಡರು ಆ ದಾರಿ ನೋಡಿದರು. ಟೈರಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಕುರ್ಚಿಯ ಕಡೆ ತಿರುಗಿದರು. "ಗಿಡ್ಡಯ್ಯ, ಪೆಟ್ಟು ತಿಂದೋನು ನೀನು. ನೀನೇ ಹೇಳು."

ಗಿಡ್ಡಯ್ಯ ಗುರುಶಾಂತಮ್ಮನ ಸೈಕಲ್ಲಿನ ಕಡೆ ಕೈ ತೋರಿಸಿದ. "ಈ ಅಮ್ಮಾರ ಸೈಕಲ್ಲು ಎರಡು ವರ್ಷದಿಂದ ನನ್ನ ಮುಂದೇನೇ ಓಡಾಡ್ತಾ ಐತೆ ಸ್ವಾಮಿ. ಒಂದ್ ದಿನಾನೂ ನಾನು ಮೂಟೆ ಇಳಿಸಿ ಪಕ್ಕಕ್ಕೆ ಹೋಗಿಲ್ಲ. ಅವರೇ ನಿಲ್ತಾರೆ. ಇದಕ್ಕೆ ಗೇಟು ಹಾಕಿದ್ರೆ ಅನ್ಯಾಯ ಆಯ್ತದೆ."

ಗೌಡರು ಬೀಗದ ಕೈಯನ್ನು ರೈಟರ ಕೈಗೆ ಕೊಟ್ಟರು.

ಹೆಂಗಸರು ಚಪ್ಪಾಳೆ ಹೊಡೆದರು. ಬಿಂದುಶ್ರೀ ಬಣ್ಣದ ಡಬ್ಬಿ ತೆಗೆದು ಹಸಿರು ಪಟ್ಟಿ ಬಳಿಯಲು ಕೂತಳು. ಅಷ್ಟರಲ್ಲಿ ತೋಟಪ್ಪ ಇನ್ನೊಂದು ಸೈಕಲ್ಲಿನ ಹ್ಯಾಂಡಲ್ ಹಿಡಿದ.

"ನಾನೂ ಒಂದ್ ಸಲ ಹತ್ತಿ ನೋಡ್ಲಾ?"

"ಹೆಲ್ಮೆಟ್ ಹಾಕ್ಕೊಳ್ರೀ ಮೊದ್ಲು," ಅಂದಳು ಗುರುಶಾಂತಮ್ಮ.

ಗಂಡ ಹೆಂಡತಿ ಹೊರಟರು. ಹೆಂಡತಿ ಮುಂದೆ, ಗಂಡ ಹಿಂದೆ. ಮೊದಲ ಏರಿಗೇ ತೋಟಪ್ಪನ ಉಸಿರು ಏರಿತು. "ಗೇರು ಇಳ್ಸಿ, ಅವಸರ ಮಾಡ್ಬೇಡಿ," ಅಂತ ಮುಂದಿನಿಂದ ದನಿ ಬಂತು. ಇಳಿಸಿದ. ಹಗುರಾಯಿತು. ಕಾಲು ತುಳಿದಷ್ಟಕ್ಕೆ ಮೋಟರು ಕೈಜೋಡಿಸಿತು. ಒಂದು ಕಡೆ ನಿಂತು ನೀರು ಕುಡಿದ. ಇನ್ನೊಂದು ಕಡೆ ಕಾಡುಕೋಳಿಯೊಂದು ಕೂಗಿ, ಹೆದರದೆ ದಾರಿ ದಾಟುವುದನ್ನು ನೋಡಿದ. ಇಷ್ಟು ವರ್ಷ ಜೀಪಿನ ಸದ್ದಿನಲ್ಲಿ ಅವನು ಅದರ ಕೂಗನ್ನೇ ಕೇಳಿರಲಿಲ್ಲ. ನೆತ್ತಿಗೆ ಬಂದಾಗ ಅಂಗಿ ಪೂರ್ತಿ ಒದ್ದೆ. ಕಾಲು ಗಡಗಡ. ಆದರೂ ಮುಖ ಮದುವಣಿಗನ ಹಾಗೆ ಅರಳಿತ್ತು.

"ಹತ್ಬುಟ್ಟೆ ಕಣೆ, ಗುರುಶಾಂತಿ! ಐವತ್ತೈದು ವರ್ಷಕ್ಕೆ, ನನ್ನ ಕಾಲಲ್ಲೇ ಹತ್ಬುಟ್ಟೆ!"

ಗುರುಶಾಂತಮ್ಮ ನಕ್ಕಳು. ಕೆಳಗೆ ಎಸ್ಟೇಟು, ಅದರಾಚೆ ಗದ್ದೆ, ಅದರಾಚೆ ಬೆಟ್ಟದ ಮೇಲೆ ಬೆಟ್ಟ. ಸುತ್ತ ಜೀಪು ಹರಿದ ಕೊರಕಲುಗಳ ಮೇಲೆ ಹುಲ್ಲು ಮತ್ತೆ ಮುಚ್ಚಿಕೊಂಡು ಬರುತ್ತಿತ್ತು.

ಈಗ ಹೋಂಸ್ಟೇಗೆ ಬಂದ ಯಾರಾದರೂ ಜೋರು ಮೋಟರು ಕೇಳಿದರೆ ಉತ್ತರ ಕೊಡುವವನು ತೋಟಪ್ಪನೇ. ಗಿಡ್ಡಯ್ಯನ ಕಾಲು ವಾಸಿಯಾಗುವವರೆಗೆ ವಾರಕ್ಕೊಮ್ಮೆ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ. ಗುಡ್ಡದ ಮಾತು ಬಂದರೆ ಎಲ್ಲರ ಎದುರಿಗೂ ಹೇಳುತ್ತಾನೆ, "ನಮ್ಮನೆಯೋಳನ್ನ ಕೇಳಿ. ಈ ದಾರಿ ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಎಲೆಕ್ಟ್ರಿಕ್ ಸೈಕಲ್ಲು ಬರುವ ಕಾಲ ದೂರವಿಲ್ಲ. ಬರಲಿ, ಒಳ್ಳೆಯದೇ. ಆದರೆ ಕೊಳ್ಳುವ ಮುಂಚೆ ಅಂಗಡಿಯವರನ್ನು ಬಾಯಿ ಬಿಟ್ಟು ಕೇಳಿ: ಎಷ್ಟು ವಾಟು, ಎಷ್ಟು ಸ್ಪೀಡು, ಪರೀಕ್ಷೆ ಪಾಸಾದ ಕಾಗದ ಎಲ್ಲಿದೆ? ಬಂದ ಮೇಲೆ ಅದರ ಮೋಟರು ಬದಲಿಸಬೇಡಿ, ಸ್ಪೀಡಿನ ಮಿತಿ ತೆಗೆಸಬೇಡಿ. ದೊಡ್ಡ ಮೋಟರೇ ಬೇಕು ಅನ್ನಿಸಿದರೆ ನಂಬರು, ಲೈಸೆನ್ಸು, ಇನ್ಷೂರೆನ್ಸು ಎಲ್ಲ ಇರುವ ಗಾಡಿಯನ್ನೇ ತೆಗೆದುಕೊಂಡು ರೋಡಿನಲ್ಲಿ ಹೋಗಿ. ಅನುಮಾನ ಇದ್ದರೆ ಆರ್‌ಟಿಓ ಆಫೀಸಿನಲ್ಲಿ ವಿಚಾರಿಸಿ. ಮೋಟರು ಚಿಕ್ಕದಾದರೂ ಹೆಲ್ಮೆಟ್ ಹಾಕಿ. ಗುಡ್ಡದ ದಾರಿಯಲ್ಲಿ ಎದುರಿಗೆ ಹೊರೆ ಹೊತ್ತವರು ಬಂದರೆ, ದಯವಿಟ್ಟು, ನಿಲ್ಲುವವರು ನೀವಾಗಿ. ಒಬ್ಬರ ಆತುರಕ್ಕೆ ಮುಚ್ಚುವ ದಾರಿ ಊರಿಗೆಲ್ಲ ಮುಚ್ಚುತ್ತದೆ. ಅದನ್ನು ತೆರೆದಿಡುವುದು ನಮ್ಮ ನಿಮ್ಮ ಕೈಯಲ್ಲೇ ಇದೆ.